ಬೂದಿಯಲ್ಲಿ ಹೂತ ರಾಜಧಾನಿ

ಹೆಣ್ಣುಮಕ್ಕಳಿಗೆ ಭೂಗೋಳವೇಕೆಂದು ಕೇಳುವ ತಾಯ್ತಂದೆಗಳು ಈಗ ವಿರಳ. ನಕ್ಷೆಯಲ್ಲಿ ಊರುಗಳನ್ನು ಗುರುತಿಸಲು ಬಂದರೆ ಸಾಲದೇ ಎಂದು ಕೇಳುವವರು ಮಾತ್ರ ಇನ್ನೂ ಉಂಟು. ಸಾಲದೆಂಬುದೇ ನನ್ನ ದೃಢವಾದ ಅಭಿಪ್ರಾಯ.

ಕೆರಿಬಿಯನ್ ಸಮುದ್ರದ ಮಾಂಟ್ಸೆರಾಟ್ ದ್ವೀಪವನ್ನು ನೋಡಿರಿ. ಉದ್ದ ಹತ್ತು ಮೈಲಿ, ಅಗಲ ಏಳು ಮೈಲಿ. ಅಟ್ಲಾಂಟಿಕ್ ಸಾಗರದ ತಳದ ಶಿಲಾಫಲಕವು ಕೆರಿಬಿಯನ್ ಫಲಕದ ಅಡಿಗೆ ನುಗ್ಗುವುದರಿಂದ ಹುಟ್ಟಿದ ದ್ವೀಪಮಾಲೆಯಲ್ಲಿ ಇದೂ ಒಂದು. ಉತ್ತರದ ಬೆಟ್ಟಗಳು ಎಂದೋ ಆರಿಹೋದ ಅಗ್ನಿಪರ್ವತಗಳು. ದಕ್ಷಿಣದ ಸೂಫ್ರಿಯೇರ್ ಬೆಟ್ಟವು 1995ರ ಜುಲೈ 18ರಂದು ಎಚ್ಚತ್ತಿತು. ಇದರ ಶಿಲಾರಸವು ಗಂಜಿಯಂತೆ ಹರಿಯತಕ್ಕದ್ದಲ್ಲ. ರಾಗಿಮುದ್ದೆಯಂತೆ ಗಟ್ಟಿಯಾಗಿ ಬಾಯಲ್ಲಿಯೇ ಗುಡ್ಡೆಗಟ್ಟಿ ನಿಲ್ಲುತ್ತದೆ. ಆ ಗುಡ್ಡೆ ಕುಸಿದಾಗ ಕಾದ ಬೂದಿ, ಬಂಡೆ, ಅನಿಲಗಳು ಒಂದಾಗಿ ಕಣಿವೆಗಳಲ್ಲಿ ಧಾವಿಸುತ್ತವೆ. ಓಡಿ ಪಾರಾಗುವುದು ಮನುಷ್ಯಮಾತ್ರದವರಿಗೆ ಸಾಧ್ಯವಲ್ಲ. 1997ರ ಜೂನ್ 25ರಂದು ಹೀಗೆ 19 ಮಂದಿ ಮಡಿದರು. ಅದೇ ವರ್ಷ ಜನರೆಲ್ಲ ಬಿಟ್ಟುಹೋಗಿದ್ದ ಪ್ಲಿಮತ್ ನಗರವೂ ಹೂತುಹೋಯಿತು. ಕಾಯಿದೆಯ ಪ್ರಕಾರ ಅದೇ ಇಂದಿಗೂ ರಾಜಧಾನಿ. ವಾಸಿಸುವವರು ಮಾತ್ರ ಒಬ್ಬರೂ ಇಲ್ಲ.

ಮಡಿದವರು ಪ್ರವೇಶ ನಿಷೇಧಿಸಿದ್ದ ಪ್ರದೇಶದಲ್ಲಿ ಇದ್ದುದೇಕೆಂದು ಕಳೆದ ಪರೀಕ್ಷೆಯಲ್ಲಿ ಕೇಳಿದ್ದೆನು. "ಅವರು ಆಜ್ಞೆಯನ್ನು ಮೀರಿದರು" ಎಂದು ಹಲವರು ಒಂದೇ ಸಾಲು ಬರೆದಿದ್ದರು. ನಾನು ಅದಕ್ಕೆ ಅಂಕ ಕೊಡಲಿಲ್ಲ. ದಕ್ಷಿಣದ ಇಳಿಜಾರಿನಲ್ಲಿ ಒಳ್ಳೆಯ ಮಣ್ಣು, ಒಳ್ಳೆಯ ಮಳೆ. ಆದುದರಿಂದಲೇ ಊರುಗಳೂ ಹೊಲಗಳೂ ಅಲ್ಲಿದ್ದವು. ಉತ್ತರದಲ್ಲಿ ಒಣನೆಲ. ಅಲ್ಲಿಗೆ ಓಡಿಬಂದವರಲ್ಲಿ ಅನೇಕರು ಇಗರ್ಜಿಗಳಲ್ಲಿಯೂ ಶಾಲೆಗಳಲ್ಲಿಯೂ ಇಕ್ಕಟ್ಟಿನಲ್ಲಿ ತಂಗಿದ್ದರು. ನೆಟ್ಟ ಪೈರನ್ನು ನೋಡಲು ಹಿಂದಿರುಗಿದವರನ್ನು ಮೂರ್ಖರೆನ್ನುವುದು ಸುಲಭ. ಆ ಬೆಟ್ಟವೇ ಅವರಿಗೆ ಅನ್ನವಿತ್ತಿತ್ತೆಂಬುದನ್ನು ಬರೆಯದ ಉತ್ತರವು ಭೂಗೋಳದ ಉತ್ತರವಲ್ಲ. (ಈಗಲೂ ಅದು ಕೊಡುತ್ತಲೇ ಇದೆ: ಮಳೆನೀರು ಕಣಿವೆಗಳಿಗೆ ಇಳಿಸಿದ ಮರಳನ್ನು ಅಗೆದು ನೆರೆಯ ದ್ವೀಪಗಳಿಗೆ ಮಾರುತ್ತಾರೆ.)

ಅಂಕ ಕಳೆದುಕೊಂಡ ಒಬ್ಬ ಹುಡುಗಿಯ ತಂದೆಯವರು ವಿಚಾರಿಸಲು ಬಂದಿದ್ದರು. ಅವರು ಬೇಸಾಯಗಾರರು. ವಿಷಯವನ್ನೆಲ್ಲ ವಿವರಿಸಿದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳೆ ಕೊಯ್ಲಿಗೆ ಬಂದಿತ್ತೇನಮ್ಮಾ?" ಎಂದು ಕೇಳಿದರು.