ಅಟ್ಟದ ಮಬ್ಬೂ ಕ್ಯಾಮರಾದ ಕಣ್ಣೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಕೊಬ್ಬರಿಗಾಗಿ ತೆಂಗಿನಕಾಯನ್ನು ಹಲವು ತಿಂಗಳು ಅಟ್ಟದಲ್ಲಿ ಒಣಗಗೊಡುವುದು ವಾಡಿಕೆ. ಆ ಮಬ್ಬಿನಲ್ಲಿ ಕಾಯಿ ಆರಿಸುವ ಅಜ್ಜಿಯ ಭಾವಚಿತ್ರವನ್ನು ತೆಗೆದಿಡಬಯಸುವ ಗೃಹಸ್ಥರು ಎಂತಹ ಕ್ಯಾಮರಾವನ್ನು ಕೊಳ್ಳತಕ್ಕದ್ದು?

ಮಿರರ್‌ಲೆಸ್ ಎಂಬ ಕನ್ನಡಿಯಿಲ್ಲದ ಕ್ಯಾಮರಾಗಳಲ್ಲಿ ಬೆಳಕನ್ನು ಹಿಡಿಯುವ ಫಲಕವೇ ಸೆನ್ಸರ್. ಫುಲ್ ಫ್ರೇಮಿನ ಸೆನ್ಸರು 36 × 24 ಮಿಲಿಮೀಟರು. 2008ರಲ್ಲಿ ಬಂದ ಮೈಕ್ರೋ ಫೋರ್ ಥರ್ಡ್ಸ್‌ನದು 17.3 × 13. ಹಿರಿದರ ವಿಸ್ತೀರ್ಣ ಕಿರಿದರದಕ್ಕಿಂತ ಸುಮಾರು ನಾಲ್ಮಡಿ. ಹಿರಿದೇ ಲೇಸೆಂದು ತೋರುವುದು ಸಹಜ.

ಆದರೆ ಹಂಡೆ ದೊಡ್ಡದಾದ ಮಾತ್ರಕ್ಕೆ ತುಂಬೀತೆ? ಬೆಳಕು ಲೆನ್ಸಿನ ಬಾಯಿಂದಲೇ ಬರಬೇಕು. ಎಫ್ ಎಂಬ ಅಂಕೆ ಸಣ್ಣದಾದಷ್ಟೂ ಆ ಬಾಯಿ ಅಗಲ. ಹಿರಿಯ ಸೆನ್ಸರಿಗೆ ಎಫ್ 3.5ರ ಲೆನ್ಸನ್ನೂ, ಕಿರಿಯದಕ್ಕೆ ಅಷ್ಟೇ ನೋಟವನ್ನು ಕೊಡುವ ಎಫ್ 1.7ರದನ್ನೂ ತೊಡಿಸಿದರೆ, ಸಮಕಾಲದಲ್ಲಿ ಎರಡೂ ಸಂಗ್ರಹಿಸುವ ಒಟ್ಟು ಬೆಳಕು ಹೆಚ್ಚುಕಡಿಮೆ ಒಂದೇ. ಕನ್ನಡಿ ಹೋದುದರಿಂದ ಅಗಲಬಾಯಿಯ ಲೆನ್ಸುಗಳ ರಚನೆಗೂ ಅನುಕೂಲವಾಗಿದೆ: ಕನ್ನಡಿಯಿದ್ದ ನಿಕಾನಿನಲ್ಲಿ ಲೆನ್ಸು ಕೂರುವ ಬಳೆಗೂ ಫಲಕಕ್ಕೂ 46.5 ಮಿಲಿಮೀಟರಿದ್ದ ಅಂತರ 2018ರ ಝಡ್ ಮಾದರಿಯಲ್ಲಿ 16ಕ್ಕಿಳಿಯಿತು.

ಆದಕಾರಣ ಹಣವನ್ನೆಲ್ಲ ಸೆನ್ಸರಿಗೇ ಸುರಿಯದೆ ಒಳ್ಳೆಯ ಲೆನ್ಸಿಗೂ ಪಾಲಿಡತಕ್ಕದ್ದು. ಅಜ್ಜಿಯ ಚಿತ್ರವನ್ನು ಮಾತ್ರ ಮುಂದಿನ ಕೊಯ್ಲಿಗೆ ದೂಡಬಾರದು.