ಫ್ಯಾಕ್ಸ್ ಹೋದರೆ ಹೋಗಲಿ, ರಸೀದಿ ಹೋಗಬಾರದು

ಪಕ್ಕದ ಮನೆಯ ದೊಡ್ಡಪ್ಪ ಒಂದು ಮಧ್ಯಾಹ್ನ ಕಾಗದ ಹಿಡಿದುಕೊಂಡು ಬಂದರು. ಪಿಂಚಣಿ ಅರ್ಜಿ. ದೂರದ ಊರಿನ ಕಚೇರಿಯವರು 'ಇವತ್ತೇ ಕೊನೇ ದಿನ, ಫ್ಯಾಕ್ಸ್ ಮಾಡಿಬಿಡಿ' ಅಂದಿದ್ದರಂತೆ. ನಮ್ಮ ಹೋಬಳಿಯಲ್ಲಿ ಫ್ಯಾಕ್ಸ್ ಇದ್ದ ಎಸ್‌ಟಿಡಿ ಬೂತ್ ಮುಚ್ಚಿ ಎಷ್ಟೋ ವರ್ಷವಾಯಿತು. "ನಿನ್ ಕಂಪ್ಯೂಟರಿಂದ ಕಳ್ಸಕ್ಕಾಗುತ್ತೇನಪ್ಪ?" ಅಂದರು.

ಆಗುತ್ತದೆ. ಇಂಟರ್ನೆಟ್ ಮೂಲಕ ಫ್ಯಾಕ್ಸ್ ಕಳಿಸಿಕೊಡುವ ಕಂಪನಿಗಳಿವೆ. ಕಾಗದ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ ಅವರ ವೆಬ್‌ಸೈಟಿಗೆ ಹಾಕಬೇಕು. 91, ಆಮೇಲೆ ಸೊನ್ನೆ ಬಿಟ್ಟು ಎಸ್‌ಟಿಡಿ ಕೋಡ್, ಆಮೇಲೆ ಫ್ಯಾಕ್ಸ್ ನಂಬರ್. ಅವರ ಯಂತ್ರ ಪುಟವನ್ನು ಕಪ್ಪು-ಬಿಳುಪು ಚುಕ್ಕೆಗಳಾಗಿ ಬದಲಾಯಿಸಿ, ಕಚೇರಿಯ ಫೋನ್ ಲೈನಿಗೆ ಕರೆ ಮಾಡುತ್ತದೆ. ಪುಟ ಸೇರಿದ ಮೇಲೆ ಆ ಕಡೆಯ ಯಂತ್ರ 'ಬಂತು' ಎಂದು ಸೂಚನೆ ಕೊಡುತ್ತದೆ. ಬಣ್ಣ ಹೋಗುವುದಿಲ್ಲ, ಪೆನ್ಸಿಲ್ ಬರಹ, ಮಸುಕಾದ ಮೊಹರು ಕಾಣದೇ ಹೋಗಬಹುದು. ಮತ್ತೆ, ನಮ್ಮ ಕಾಗದ ಬೇರೆಯವರ ಕಂಪ್ಯೂಟರ್ ದಾಟಿ ಹೋಗುತ್ತದೆ. ಹಾಗಾಗಿ ಆಧಾರ್ ಕೊಡಬೇಕಾದರೆ, ಆಗುವ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನೇ ಕೊಡಿ.

ಮೊದಲ ಸಲ ಲೈನ್ ಬ್ಯುಸಿ. ಎರಡನೇ ಸಲ ಹೋಯಿತು. ತಾರೀಖು, ಸಮಯ, ನಂಬರ್, ಪುಟಗಳ ಲೆಕ್ಕ ಇರುವ ವರದಿ ಬಂತು. ದೊಡ್ಡಪ್ಪ ಅದನ್ನು ಪ್ರಿಂಟ್ ಹಾಕಿಸಿಕೊಂಡು ಅಂಗಿ ಜೇಬಿಗಿಟ್ಟರು.

ವಾರ ಬಿಟ್ಟು ಫೋನ್ ಮಾಡಿದರೆ 'ಬಂದೇ ಇಲ್ಲ' ಎಂಬ ಉತ್ತರ. ದೊಡ್ಡಪ್ಪ ಚೀಟಿ ತೆಗೆದು ಗಂಟೆ, ನಿಮಿಷ ಸಮೇತ ಓದಿದರು. 'ಇರಿ ನೋಡ್ತೀನಿ' ಅಂದವರು ಸ್ವಲ್ಪ ಹೊತ್ತಿನಲ್ಲೇ ಕಾಗದದ ರಾಶಿಯಿಂದ ಅದನ್ನು ಹುಡುಕಿ ತೆಗೆದರು.

ನಮ್ಮೂರಿನ ಇನ್ನೊಬ್ಬರು ಅಂಥದ್ದೇ ಅರ್ಜಿಯನ್ನು ಗುಮಾಸ್ತರೊಬ್ಬರ ಸ್ವಂತ ವಾಟ್ಸಾಪಿಗೆ ಹಾಕಿದ್ದರು. ಗುಮಾಸ್ತರಿಗೆ ವರ್ಗವಾಯಿತು. ಅರ್ಜಿಯೂ ಅವರ ಫೋನಿನಲ್ಲೇ ಹೋಯಿತು. ನೀಲಿ ಗೆರೆ ತೋರಿಸಿದರೆ 'ಕಚೇರಿಗೆ ಕೊಟ್ಟಿಲ್ಲವಲ್ಲ' ಎಂದರು.

ಹಾಗಂತ ಫ್ಯಾಕ್ಸ್ ಯಂತ್ರವೇ ದೇವರಲ್ಲ. ಯಂತ್ರಕ್ಕೆ ಬಂತು ಅಂದರೆ ಮನುಷ್ಯರು ನೋಡಿದರು ಅಂತಲ್ಲ; ಎಷ್ಟೋ ಸಲ ಯಂತ್ರಕ್ಕೂ ಬರುವುದಿಲ್ಲ. 2018ರ ನವೆಂಬರ್ 21ರಂದು ಜಮ್ಮು-ಕಾಶ್ಮೀರದಲ್ಲಿ ಸರ್ಕಾರ ರಚಿಸುತ್ತೇವೆ ಎಂಬ ಮೆಹಬೂಬಾ ಮುಫ್ತಿಯವರ ಪತ್ರ ರಾಜಭವನದ ಫ್ಯಾಕ್ಸಿಗೆ ಹೋಗಲೇ ಇಲ್ಲ. ಅವರು ಅದನ್ನು ಟ್ವಿಟ್ಟರಿನಲ್ಲಿ ಹಾಕಿದರು. ಅದೇ ರಾತ್ರಿ ವಿಧಾನಸಭೆ ವಿಸರ್ಜನೆಯಾಯಿತು. ಈದ್ ರಜೆ ಇತ್ತು, ಫ್ಯಾಕ್ಸ್ ನೋಡುವವರು ಇರಲಿಲ್ಲ, ಬಂದಿದ್ದರೂ ನಿರ್ಧಾರ ಬದಲಾಗುತ್ತಿರಲಿಲ್ಲ ಎಂದು ರಾಜ್ಯಪಾಲ ಸತ್ಯಪಾಲ್ ಮಲಿಕ್ ಆಮೇಲೆ ಹೇಳಿದರು. ಮುಖ್ಯಮಂತ್ರಿಯಾಗಿದ್ದವರ ಕಾಗದದ ಪಾಡೇ ಹೀಗಾದರೆ ನಮ್ಮದು?

ಆದ್ದರಿಂದ ಫ್ಯಾಕ್ಸ್ ಉಳಿಸಿ ಎಂದು ನಾನು ಕೇಳುತ್ತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಕಂಪ್ಯೂಟರ್ ದಾಖಲೆಗೂ ಮಾನ್ಯತೆ ಕೊಟ್ಟಿದೆ. ಇಮೇಲ್ ಸಾಕು. ಆದರೆ ಕಚೇರಿಗೆ ಬಂದ ಪ್ರತಿ ಕಾಗದಕ್ಕೂ, ಇಮೇಲಿಗೂ, ಅಂದೇ ಒಂದು ನಂಬರ್ ವಾಪಸ್ ಬರಬೇಕು. ಇದೇನು ಆಗದ ಮಾತಲ್ಲ. ನಮ್ಮ ರಾಜ್ಯದಲ್ಲಿ 2012ರಿಂದ ಸಕಾಲದಡಿ ಅರ್ಜಿ ಕೊಟ್ಟರೆ 15 ಅಂಕಿಯ ನಂಬರ್ ಸಿಗುತ್ತಿದೆ, ದಿನದ ಲೆಕ್ಕವೂ ನಡೆಯುತ್ತಿದೆ. ಆದರೆ ಅದು ಪಟ್ಟಿಯಲ್ಲಿರುವ ಸೇವೆಗಳಿಗೆ ಮಾತ್ರ. ತಕರಾರು ಅರ್ಜಿ, ದೂರು, ಬಿಟ್ಟುಹೋದ ದಾಖಲೆ ಕಳಿಸುವವರಿಗೆ ಯಾಕಿಲ್ಲ?

ಅಲ್ಲಿಯವರೆಗೆ ನಮ್ಮ ಜಾಗ್ರತೆ ನಮಗೆ. ಯಾರ ಸ್ವಂತ ಫೋನಿಗೂ ಅರ್ಜಿ ಕಳಿಸಬೇಡಿ. ಕಚೇರಿಯ ಇಮೇಲಿಗೆ ಕಳಿಸಿ, 'ತಲುಪಿದ್ದಕ್ಕೆ ಉತ್ತರ ಕೊಡಿ' ಎಂದು ಕೊನೆಯಲ್ಲಿ ಬರೆಯಿರಿ. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಪ್ರತಿ ಹಿಡಿದು ಹೋಗಿ, ಸೀಲ್ ಹಾಕಿಸಿಕೊಳ್ಳಿ. ದೊಡ್ಡಪ್ಪನ ಚೀಟಿ ಇನ್ನೂ ಅವರ ಟ್ರಂಕಿನಲ್ಲಿದೆ. ಪಿಂಚಣಿ ಬರುವವರೆಗೂ ಎಸೆಯುವುದಿಲ್ಲವಂತೆ.