ಹಿರಿಯರ ಆತಂಕಕ್ಕೆ ನಿದ್ರೆ ಮಾತ್ರೆಯೇ ಮದ್ದಲ್ಲ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗ, ಉಬ್ಬಸ ಇವೆಲ್ಲ ಒಮ್ಮೆ ಬಂದರೆ ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗಳು. ಅನೇಕ ಹಿರಿಯರನ್ನು ಕಾಯಿಲೆಗಿಂತ ಅದರ ಭಯವೇ ಹೆಚ್ಚು ಕಾಡುತ್ತದೆ. ‘ರಾತ್ರಿ ಏನಾದರೂ ಆದರೆ?’, ‘ಮಕ್ಕಳಿಗೆ ಹೊರೆಯಾದರೆ?’ ಎಂಬ ಚಿಂತೆಯಲ್ಲಿ ನಿದ್ರೆ ಹಾರಿಹೋಗುತ್ತದೆ, ಎದೆ ಬಡಿತ ಏರುತ್ತದೆ. ಮನೆಯವರು ‘ಸುಮ್ಮನೆ ಯೋಚನೆ ಮಾಡಬೇಡಿ’ ಎನ್ನುತ್ತಾರೆ. ಅದು ಸಾಲದಾದಾಗ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ನಿದ್ರೆ ಮಾತ್ರೆ ತರುತ್ತಾರೆ. ಇವೆರಡೂ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಯಾಜೆಪಾಮ್, ಆಲ್ಪ್ರಜೋಲಾಮ್‌ನಂಥ ಮಾತ್ರೆಗಳು ವಯಸ್ಸಾದವರಲ್ಲಿ ಮಂಪರು, ಮರೆವು ತರುತ್ತವೆ. ರಾತ್ರಿ ಮೂತ್ರಕ್ಕೆಂದು ಎದ್ದಾಗ ತೂರಾಡಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ತಿಂಗಳುಗಟ್ಟಲೆ ನುಂಗಿದರೆ ದೇಹ ಅವಕ್ಕೆ ಒಗ್ಗಿಹೋಗುತ್ತದೆ. ಆದರೆ ಈಗಾಗಲೇ ಸೇವಿಸುತ್ತಿರುವವರು ದಿಢೀರನೆ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕು.

ಖರ್ಚಿಲ್ಲದ ಉಪಾಯವೊಂದಿದೆ. ಸ್ನಾಯುಗಳ ಬಿಗಿತ ಸಡಿಲಿಸಿದರೆ ಮನಸ್ಸಿನ ಬಿಗಿತವೂ ಸಡಿಲುತ್ತದೆ ಎಂಬುದನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ವಿಧಾನ ಸುಲಭ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ. ಪಾದಗಳನ್ನು 5 ಸೆಕೆಂಡು ಮೆಲ್ಲಗೆ ಬಿಗಿಹಿಡಿದು, ಸಡಿಲ ಬಿಟ್ಟು 15 ಸೆಕೆಂಡು ಹಾಗೇ ಇರಿ. ಹೀಗೆಯೇ ಮೀನಖಂಡ, ತೊಡೆ, ಮುಷ್ಟಿ, ಭುಜ, ಮುಖ. ನೋವಿರುವ ಭಾಗವನ್ನು ಬಿಟ್ಟುಬಿಡಿ. ನಂತರ ಮೂಗಿನಿಂದ ಮೂರು ಎಣಿಸುವಷ್ಟು ಹೊತ್ತು ಉಸಿರೆಳೆದು, ಐದು ಎಣಿಸುತ್ತಾ ಬಿಡಿ. ಉಬ್ಬಸದವರು ಶಿಳ್ಳೆ ಹಾಕುವಂತೆ ತುಟಿ ಕೂಡಿಸಿ ಉಸಿರು ಬಿಟ್ಟರೆ ಹಿತ. ರಕ್ತದೊತ್ತಡ, ಹೃದ್ರೋಗವಿರುವವರು ಉಸಿರು ಬಿಗಿಹಿಡಿಯಬಾರದು, ಕುಂಭಕ ಬೇಡ. ಜಪದ ಅಭ್ಯಾಸವಿದ್ದವರು ಉಸಿರಿನೊಡನೆ ದೇವರ ನಾಮವನ್ನೂ ಸೇರಿಸಿಕೊಳ್ಳಬಹುದು.

ದಿನಕ್ಕೆರಡು ಬಾರಿ, ಹತ್ತು ಹದಿನೈದು ನಿಮಿಷ ಸಾಕು. ಗಾಬರಿಯಾದಾಗ ಮಾತ್ರವಲ್ಲ, ನೆಮ್ಮದಿಯಿರುವಾಗಲೂ ಮಾಡಬೇಕು. ಫಲ ಕಾಣಲು ಕೆಲವು ವಾರ ಬೇಕು. ಇದಕ್ಕಾಗಿ ಸಕ್ಕರೆಯ ಮಾತ್ರೆ, ಒತ್ತಡದ ಮಾತ್ರೆ ಬಿಡಬಾರದು.

ಒಂದು ಎಚ್ಚರಿಕೆ. ಎಲ್ಲ ಗಾಬರಿಯೂ ಮನಸ್ಸಿನದಲ್ಲ. ಸಕ್ಕರೆ ಕಾಯಿಲೆಯವರಿಗೆ ಹಠಾತ್ತನೆ ಬೆವರು, ನಡುಕ ಬಂದರೆ ರಕ್ತದ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ. ಎದೆ ಹಿಡಿದಂತಾದರೆ, ಉಸಿರುಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಕೊನೆಯ ಮಾತು ಮನೆಯ ಕಿರಿಯರಿಗೆ. ಮಾತ್ರೆ ತಂದುಕೊಟ್ಟರೆ ಕರ್ತವ್ಯ ಮುಗಿಯಲಿಲ್ಲ. ಸಂಜೆ ಟಿ.ವಿ. ಆರಿಸಿ, ಅಪ್ಪನ ಅಥವಾ ಅಜ್ಜಿಯ ಪಕ್ಕ ಕುಳಿತು ನೀವೂ ಕಣ್ಣು ಮುಚ್ಚಿ ಈ ಅಭ್ಯಾಸ ಮಾಡಿ. ಒಂಟಿಯಲ್ಲ ಎಂಬ ಧೈರ್ಯವನ್ನು ಯಾವ ಔಷಧಿ ಅಂಗಡಿಯೂ ಮಾರುವುದಿಲ್ಲ.